ಆರಿನ್ ಹಾಕಿದ ಮೊಳೆ

ಏಪ್ರಿಲ್ ಮುಗಿಯುತ್ತ ಬಂದರೂ ಈ ವರ್ಮಾಂಟ್ ಗುಡ್ಡದ
ಬಡಗಣ ಇಳಿಜಾರಿನಲ್ಲಿ ಹಿಮ ಇನ್ನೂ
ಒಗೆಯದೆ ಬಿಟ್ಟ ದುಪ್ಪಟಿಯಂತೆ ಅಲ್ಲಲ್ಲಿ ಬಿದ್ದಿದೆ.
ಉಳಿದದ್ದೆಲ್ಲ ಕೆಸರು.

ಚಳಿಗಾಲದಲ್ಲಿ ಸತ್ತವರಿಗೆ ಇಲ್ಲಿ ಕೂಡಲೇ ಮಣ್ಣು ಸಿಗುವುದಿಲ್ಲ.
ನೆಲ ಬಂಡೆಯಾಗಿರುತ್ತದೆ, ಗುದ್ದಲಿಗೆ ಕಿಡಿ ಹಾರುತ್ತದೆ.
ಗೇಟಿನ ಪಕ್ಕದ ಕಲ್ಲುಕೋಣೆಯಲ್ಲಿ
ನೆಲ ಮೆತ್ತಗಾಗುವ ತನಕ ಕಾಯಬೇಕು.
ಈ ಸಲ ನಾಲ್ವರು. ನೀನು ಮೂರನೆಯವನು, ಆರಿನ್ ಕಿಟ್ರೆಜ್,
ಅಂಚೆಕಚೇರಿಯಲ್ಲೂ ಸರದಿ ನಿಲ್ಲದೆ
ಬೈದುಕೊಂಡು ಮನೆಗೆ ಹೋಗುತ್ತಿದ್ದವನು.

ನಾಳೆ ಹನ್ನೊಂದಕ್ಕೆ ನಿನ್ನ ಹೊತ್ತು.
ಇವತ್ತು ನಾನು ಗುಂಡಿ ತೋಡಬೇಕು.

ಕಿತ್ತಳೆ ಬಣ್ಣದ ನಮ್ಮ ಪುಟ್ಟ ಟ್ರ್ಯಾಕ್ಟರ್
ಏರು ಹತ್ತಿ, ನಿಮ್ಮ ಮನೆತನದ ಸಾಲಿಗೆ ಹತ್ತು ಮಾರು ಇದೆ ಎನ್ನುವಾಗ
ಬಲಗಾಲ ಕೆಳಗೆ ಪೆಡಲ್ ಸತ್ತುಹೋಯಿತು.
ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ.
ಇಂಜಿನ್ ಗುರುಗುಡುತ್ತಲೇ ಇದೆ, ಗಾಡಿ ಮಿಸುಕದು.
ಯಂತ್ರ ಕೈಕೊಟ್ಟಿತು ಅನ್ನುತ್ತಾರೆ;
ಇದು ಕಾಲು ಕೊಟ್ಟಿತು.

ಬ್ರೇಕು ಬಿಗಿದೆ. ಚಕ್ರಕ್ಕೆ ಮೇಪಲ್ ತುಂಡೊಂದನ್ನು ಒತ್ತು ಕೊಟ್ಟೆ.
ಕೀಲಿ ತಿರುಗಿಸಿದಾಗ ಅಷ್ಟು ಹೊತ್ತೂ ಹರಿಯುತ್ತಿದ್ದ ಹೊಳೆ
ಆಗಷ್ಟೇ ಶುರುವಾದಂತೆ ಕೇಳಿಸಿತು.

ದನದ ಮೇವಿನ ಚೀಲ ಹಾಸಿಕೊಂಡು
ಆ ಸಾಲಿನಲ್ಲಿ ನಾನೂ ಒಬ್ಬಳೆಂಬಂತೆ ಅಂಗಾತ ಮಲಗಿ
ಅದರ ಹೊಟ್ಟೆ ನೋಡಿದೆ.
ಎಣ್ಣೆ, ಒಣಹುಲ್ಲು, ಕಣಜದ ಹಳೆಯ ಗೂಡು.
ಪೆಡಲಿನಿಂದ ಹೊರಟ ಸರಳು
ಗೇರ್ ಪೆಟ್ಟಿಗೆಯ ತೋಳು ಹಿಡಿಯದೆ ಜೋತಾಡುತ್ತಿತ್ತು.
ಇವೆರಡನ್ನು ಕೂಡಿಸುವ ಕಿರುಬೆರಳಿನಷ್ಟು ಪಿನ್ನು
ಎಲ್ಲೋ ಕಳಚಿ ಬಿದ್ದಿದೆ.

ಬಂದ ದಾರಿಯಲ್ಲಿ ಬಗ್ಗಿ ಬಗ್ಗಿ ಹಿಂದೆ ನಡೆದೆ.
ಹೆಸರು ಅಳಿಸಿಹೋದ ಸ್ಲೇಟುಕಲ್ಲಿನ ಬುಡದಲ್ಲಿ
ಹುಲ್ಲು ಆಗಲೇ ಮೊಳೆತಿತ್ತು.
ಸಿಕ್ಕಿತು ಪಿನ್ನು,
ಅದರ ತೂತಿನಲ್ಲಿ ತುಕ್ಕು ಹಿಡಿದು, ಮಣಿದು, ಅರ್ಧಕ್ಕೆ ಮುರಿದ
ಮಾಡಿಗೆ ಹೊಡೆಯುವ ಮೊಳೆ.
ನಿನ್ನದು.

ಹನ್ನೊಂದು ವರ್ಷದ ಹಿಂದೆ ಇದೇ ಏರಿನಲ್ಲಿ
ಜೇಬು ತಡಕಿ, ಇದನ್ನು ತೂರಿಸಿ, ಇಕ್ಕಳದಿಂದ ಬಾಗಿಸಿ
"ಸದ್ಯಕ್ಕೆ ಸಾಕು ಡೆಲ್ಫೀನ್" ಅಂದೆ.
ಇಲ್ಲಿ ಇರಬೇಕಾದ್ದು ಮೊಳೆಯಲ್ಲ ಅಂದೆ ನಾನು.
"ಅದು ಟ್ರ್ಯಾಕ್ಟರಿಗೆ ಗೊತ್ತಿಲ್ಲವಲ್ಲ!"
ಪ್ರತಿ ವಸಂತಕ್ಕೂ ಸಮಿತಿಯ ಪುಸ್ತಕದಲ್ಲಿ ಬರೆದೆ:
ಸರಿಯಾದ ಪಿನ್ನು ತರಿಸುವುದು.
ಪ್ರತಿ ವಸಂತಕ್ಕೂ ನೀನು ರುಜು ಹಾಕಿದೆ.

ಸೀಟಿನಡಿಯ ನಿನ್ನ ತಂಬಾಕಿನ ಡಬ್ಬಿ ತೆರೆದೆ,
ಇನ್ನೊಂದು ಮೊಳೆಯಾದರೂ ಇದ್ದೀತು ಅಂತ.
ವಾಷರು, ಬೆಂಕಿಕಡ್ಡಿ, ಯಾರದೋ ಅಂಗಿಯ ಗುಂಡಿ,
ತಳದಲ್ಲಿ ಒಂದು ಪೊಟ್ಟಣ.
ಸೀಳು ಪಿನ್ನುಗಳು. ಆರು. ಸರಿಯಾದ ಅಳತೆ.
ಒಡೆದೇ ಇಲ್ಲ. ಬೆಲೆಯ ಚೀಟಿ ಹಳದಿಗಟ್ಟಿದೆ.

ತಂದಿದ್ದೆ.
ತಂದೂ ಹಾಕಲಿಲ್ಲ, ಹೇಳಲೂ ಇಲ್ಲ.
ಗೆಲುವು ನನಗೆ ಸಿಗಬಾರದೆಂದೋ,
ಮುರಿಯದ್ದನ್ನು ಯಾಕೆ ಕೆದಕುವುದೆಂದೋ,
ಮಂಡಿ ಆಗಲೇ ಬಗ್ಗುತ್ತಿರಲಿಲ್ಲವೋ.
ಕಲ್ಲುಕೋಣೆಯ ಬಾಗಿಲ ಕಡೆ ನೋಡಿ ಒಂದು ಬೈಗುಳ ಬೈದೆ,
ಇಲ್ಲಿ ಬರೆಯುವಂಥದ್ದಲ್ಲ.

ಮತ್ತೆ ಮಲಗಿದೆ. ಮುರಿದ ಮೊಳೆಯನ್ನು ತಟ್ಟಿ ಹೊರಡಿಸಿ
ತೂತಿಗೆ ತೂತು ಹೊಂದಿಸಿದೆ; ಕೆಸರು ಕುತ್ತಿಗೆಗೆ ಇಳಿಯಿತು.
ಪಿನ್ನು ತೂರಿತು. ಅದಕ್ಕೊಂದು ಸೀಳು ಪಿನ್ನು,
ಅದರ ಎರಡು ಕಾಲು ಅಗಲಿಸಿ ಆಚೆ ಈಚೆ ಮಡಚಿದೆ.
ಕೈಯಿಂದಲೇ ಪೆಡಲ್ ಒತ್ತಿ ನೋಡಿದೆ:
ಇಲ್ಲಿ ಒತ್ತಿದರೆ ಅಲ್ಲಿ ತೋಳು ಅಲುಗಿತು.

ಸರಳಿನ ತೂತು ಸವೆದು ಮೊಟ್ಟೆಯಾಗಿದೆ ಮಾತ್ರ.
ಸ್ವಲ್ಪ ಗಡಗಡ ಇದ್ದೇ ಇರುತ್ತದೆ.
ಅದಕ್ಕೆ ಬೆಸುಗೆ ಬೇಕು. ಬೇಸಿಗೆಯಲ್ಲಿ ನೋಡೋಣ.

ಮೊಳೆಯ ತುಂಡು ಮನೆ ಬೀಗದಕೈ ಜೊತೆ ಜೇಬಲ್ಲಿದೆ.
ನಿನ್ನ ಜೊತೆ ಹಾಕುವುದಿಲ್ಲ, ಆಸೆ ಇಟ್ಟುಕೊಳ್ಳಬೇಡ.

ಹತ್ತಿ ಕೂತು ಪೆಡಲ್ ಮೆಟ್ಟಿದೆ.
ಒಂದು ಕ್ಷಣ ಯೋಚಿಸಿ
ಟ್ರ್ಯಾಕ್ಟರ್ ಮುಂದೆ ಸಾಗಿತು.
ಮೊದಲ ಬಕೆಟ್ಟಿಗೆ ಬರೀ ಕೆಸರು ಬಂತು,
ಎರಡನೆಯದಕ್ಕೆ ಹಲ್ಲು ಕಿರ್ರೆಂದಿತು.
ಒಂದಡಿ ಕೆಳಗೆ ನಿನ್ನ ನೆಲ
ಇನ್ನೂ ಹೆಪ್ಪುಗಟ್ಟಿಯೇ ಇದೆ, ಹಟಮಾರಿ.